ಪೂರಿಗಾಲಿಯ ಪುಟ್ಟರಾಜು ಹಾರ ಹಾಕಿದ ಪ್ರಸಂಗ

ಮಳವಳ್ಳಿ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಹೇಳಿಕೊಳ್ಳುತ್ತಿರುವ ಪ್ರಕಾರ, ಪೂರಿಗಾಲಿಯ ಪುಟ್ಟರಾಜುವನ್ನು ಮಂಡ್ಯದ ಸಂಗೀತ ಕಾರ್ಯಕ್ರಮದಲ್ಲಿ ಪೊಲೀಸರು ರಟ್ಟೆ ಹಿಡಿದು ಹೊರಗೆ ಹಾಕಿದರು. ಬೆಳಕವಾಡಿಯಲ್ಲಿ ಇದೇ ಸಂಗತಿ ಬೇರೆ ರೂಪ ತಳೆದಿದೆ: ಗಿಟಾರಿನ ಗಾಯಕರೇ ವೇದಿಕೆಯಿಂದ ಇಳಿದು ಬಂದು ಪುಟ್ಟರಾಜುವಿನ ಕಾಲಿಗೆ ಬಿದ್ದರಂತೆ. ಪೂರಿಗಾಲಿಯಲ್ಲಂತೂ ಅವನು ಮೈಕು ಕಿತ್ತುಕೊಂಡು ತನ್ನ ಪದ್ಯವನ್ನೇ ಹಾಡಿಬಿಟ್ಟನೆಂದು ಮಕ್ಕಳು ಅಭಿನಯಿಸಿ ತೋರಿಸುತ್ತಿದ್ದಾರೆ. ಈ ಮೂರೂ ಸುಳ್ಳು. ಆ ದಿನ ನಾನು ಅವನ ಪಕ್ಕದಲ್ಲೇ ಕುಳಿತಿದ್ದೆ. ಭೂಮಾಪನ ಇಲಾಖೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು ನಾನು. ಎರಡು ಕಲ್ಲುಗಳ ನಡುವೆ ಗೆರೆ ಎಲ್ಲಿ ಹಾದುಹೋಗುತ್ತದೆಯೋ ಅಲ್ಲಿಯೇ ಎಳೆಯಬೇಕೆಂಬುದು ನನ್ನ ರೂಢಿ. ನೋಡದವರು ನೋಡಿದವರಿಗೇ ಕಥೆ ಹೇಳುವ ಕಾಲ ಬಂದಿರುವುದರಿಂದ, ನಡೆದದ್ದನ್ನು ನಡೆದ ಹಾಗೆ ಬರೆದಿಡುವುದು ಅನಿವಾರ್ಯವಾಗಿದೆ.

ಪುಟ್ಟರಾಜು ನನ್ನೊಡನೆ ಪ್ರಾಥಮಿಕ ಶಾಲೆಯಲ್ಲಿ ಓದಿದವನು. ಈಗ ಅರವತ್ತೊಂಬತ್ತರ ವಯಸ್ಸು. ನಾಲೆಯ ಕೆಳಗೆ ಗದ್ದೆ ಇದೆ. ಒಂದಷ್ಟು ಭತ್ತ, ಒಂದಷ್ಟು ಕಬ್ಬು. ವೃತ್ತಿ ಬೇಸಾಯವೇ ಆದರೂ ಯಾರಾದರೂ ಹೊಸಬರು "ನೀವೇನು ಮಾಡ್ಕೊಂಡಿದೀರಿ" ಎಂದು ಕೇಳಿದರೆ ಅವನ ಉತ್ತರ "ಗದೆ ಪಾರ್ಟು" ಎಂದೇ. ನಮ್ಮ ಊರುಗಳಲ್ಲಿ ರೈತರೇ ಸೇರಿ ಪೌರಾಣಿಕ ನಾಟಕ ಕಟ್ಟುವುದು ಎಲ್ಲರಿಗೂ ತಿಳಿದ ವಿಷಯ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಪದ್ಯ ಹೇಳಿಕೊಡುತ್ತಾರೆ, ಉಳುವವರು ಕಿರೀಟ ಕಟ್ಟುತ್ತಾರೆ. ಆ ನಾಟಕದಲ್ಲಿ ಗದೆ ಹಿಡಿದು, ಮೀಸೆ ತಿರುವಿ, ಎದುರಾಳಿಯನ್ನು ಕೆಣಕಿ, ಕೊನೆಗೆ ಸೋಲುವ ರಾಜನ ಪಾತ್ರ ಇವನದು. ಮದುವೆಯಾದ ಮರುವರ್ಷ ಹಿಡಿದ ಗದೆಯನ್ನು ಇನ್ನೂ ಕೆಳಗಿಟ್ಟಿಲ್ಲ. ಅಭ್ಯಾಸ ಆರಂಭವಾದ ದಿನದಿಂದ ಮೊಸರು ಬಿಡುತ್ತಾನೆ. ಏಪ್ರಿಲ್ ತಿಂಗಳ ಬಿಸಿಲಿನಲ್ಲೂ ಕೊರಳಿಗೆ ಮಫ್ಲರ್ ಸುತ್ತುತ್ತಾನೆ. ಜೇಬಿನಲ್ಲಿ ಕಲ್ಲುಸಕ್ಕರೆಯೂ ಮೆಣಸೂ ಇರುತ್ತವೆ. ಪದ್ಯದ ಸಾಧನೆ ನಡೆಯುವುದು ಮಾತ್ರ ಕೊಟ್ಟಿಗೆಯ ಬಾಗಿಲಲ್ಲಿ.

"ಎಮ್ಮೆ ಕೆಚ್ಚಲಿಗೆ ಕೈ ಹಾಕ್ತಿದ್ದಂಗೇ ಈವಯ್ಯ ಸುರು ಮಾಡ್ಕತಿತ್ತು ಕಣಣ್ಣ" ಎಂದು ಅವನ ಹೆಂಡತಿ ಅಂಕಮ್ಮ ನನ್ನ ಬಳಿ ದೂರಿದ್ದುಂಟು. "ಮೊದಮೊದ್ಲು ಎಮ್ಮೆ ಎದ್ರುಕೊಂಡು ಹಾಲೇ ಇಳಿಸ್ತಿರ್ನಿಲ್ಲ. ಈಗ ಪದ್ಯ ಯೇಳ್ದೆ ಇದ್ರೆ ಇಳ್ಸಕಿಲ್ಲ."

ಇನ್ನು ಹಾರದ ವಿಷಯ. ನಮ್ಮ ನಾಟಕಗಳಲ್ಲಿ ಪಾತ್ರಧಾರಿ ಪದ್ಯ ಹಾಡುತ್ತಿರುವಾಗಲೇ ಅವನ ಕಡೆಯವರು ರಂಗಕ್ಕೆ ಹತ್ತಿ ಹಾರ ಹಾಕುತ್ತಾರೆ. ಪಟ್ಟಣದವರು ಇದನ್ನು ಶಿಸ್ತಿಲ್ಲದ ನಡವಳಿಕೆಯೆಂದು ನಗುತ್ತಾರೆ. ಅದರ ಅರ್ಥ ಅವರಿಗೆ ತಿಳಿಯದು. ಪದ್ಯದ ಕೊನೆಗೆ ಒಂದು ಮೇಲಿನ ಸಾಲು ಇರುತ್ತದೆ. ದನಿಯನ್ನು ಅಟ್ಟಕ್ಕೆ ಏರಿಸಿದಂತೆ ಏರಿಸಿ ಅಲ್ಲೇ ನಿಲ್ಲಿಸಬೇಕು. ಪಾತ್ರಧಾರಿಯ ಉಸಿರು ಅಲ್ಲಿ ಕೈಕೊಡುವ ಸೂಚನೆ ಕಂಡೊಡನೆ, ಅವನ ಕಡೆಯವನೊಬ್ಬ ಹಾರ ಹಿಡಿದು ಎದ್ದುಬಿಡುತ್ತಾನೆ. ಹಾರ ಬೀಳುತ್ತದೆ, ಜನ ಸಿಳ್ಳೆ ಹಾಕುತ್ತಾರೆ, ಹಾರ್ಮೋನಿಯಂ ಓಡುತ್ತಲೇ ಇರುತ್ತದೆ. ಅಷ್ಟರಲ್ಲಿ ನಮ್ಮವನು ಉಸಿರು ತೆಗೆದುಕೊಂಡು ಸಾಲನ್ನು ಮತ್ತೆ ಎತ್ತಿಕೊಳ್ಳುತ್ತಾನೆ. ಮಾನ ಉಳಿಯುತ್ತದೆ. ಇದು ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಹೇಳುವುದಿಲ್ಲ.

ಕಳೆದ ವರ್ಷ ಪುಟ್ಟರಾಜುವಿಗೆ ಇಂಥ ಹಾರಗಳು ಲೆಕ್ಕ ಮೀರಿ ಬಿದ್ದವು. ಈ ವರ್ಷದ ಪಾತ್ರಗಳನ್ನು ಹಂಚಲು ಸಂಘದವರು ಸೇರಿದಾಗ ಮಾತು ಬಂದೇಬಂತು. ನಾನೂ ಸಂಘದ ಸದಸ್ಯನೇ. ಹಾರ್ಮೋನಿಯಂ ಮೇಷ್ಟ್ರು ಮಹದೇವಸ್ವಾಮಿ ಮೆತ್ತಗೆ ಆರಂಭಿಸಿದರು.

"ಪುಟ್ಟರಾಜಣ್ಣ, ಓದ್ ವರ್ಸ ಆ ಒಂದು ಪದ್ಯಕ್ಕೆ ಬಿದ್ದ ಹಾರದಲ್ಲಿ ನಿನ್ ಮೊಕಾನೇ ಕಾಣ್ನಿಲ್ಲ."

"ಜನಕ್ಕೆ ನನ್ನ ಮ್ಯಾಲೆ ಪ್ರೀತಿ ಮೇಷ್ಟ್ರೆ."

"ಪ್ರೀತಿ ಅಲ್ಲ, ಎದ್ರಿಕೆ. ಎಲ್ ಬಿದ್ದೋಯ್ತೀಯೋ ಅಂತ."

ಶ್ರುತಿಯನ್ನು ಒಂದು ಮನೆ ಇಳಿಸಿಕೊಂಡರೆ ಆಯಿತಲ್ಲ ಎಂದು ನಾನು ಸೂಚಿಸಿದೆ. ಹಾರ್ಮೋನಿಯಂನಲ್ಲಿ ಒಂದು ಮನೆ, ಎಂದರೆ ಒಂದು ಪಟ್ಟಿ, ಕೆಳಗಿನಿಂದ ಹಾಡಿದರೆ ಮೇಲಿನ ಸಾಲೂ ಅಷ್ಟು ಕೆಳಗೆ ಬರುತ್ತದೆ. ಪುಟ್ಟರಾಜು ನನ್ನನ್ನು ನೋಡಿದ ನೋಟ ಅವನ ಎದುರಾಳಿಗಳಿಗೇ ಮೀಸಲಾದದ್ದು.

"ಶ್ರುತಿ ಇಳ್ಸಿ ಹಾಡಕ್ಕೆ ನಾನೇನು ತೊಟ್ಲು ತೂಗ್ತೀನೇನ್ಲಾ ದೇವಯ್ಯ? ಗದೆ ಪಾರ್ಟು ಕಣ್ಲಾ ಅದು."

ಕಡೆಗೆ ಒಂದು ಷರತ್ತು ಗೊತ್ತಾಯಿತು. ಮೊದಲನೆಯ ಪೂರ್ಣ ಅಭ್ಯಾಸದ ದಿನ, ಹಾರದ ನೆರವಿಲ್ಲದೆ, ಮೇಲಿನ ಸಾಲನ್ನು ಅವನು ಎತ್ತಬೇಕು. ಆಗದಿದ್ದರೆ ಗದೆ ಶಿವರಾಜುವಿಗೆ. ಶಿವರಾಜು ಪುಟ್ಟರಾಜುವಿನ ದಾಯಾದಿಯ ಮಗ, ನಲವತ್ತರ ಆಸುಪಾಸು, ಟ್ರ್ಯಾಕ್ಟರ್ ಓಡಿಸುತ್ತಾನೆ. ಟ್ರ್ಯಾಕ್ಟರ್ ಓಡುತ್ತಿರುವಾಗಲೇ ಅವನ ಮಾತು ಮೂರನೆಯ ಗದ್ದೆಗೆ ಕೇಳಿಸುತ್ತದೆ. ಅವನು ಜಗಳಗಂಟನಾಗಿದ್ದರೆ ಪುಟ್ಟರಾಜುವಿಗೆ ಸುಲಭವಾಗುತ್ತಿತ್ತು. ಅವನೋ ಪ್ರತಿ ಮಾತಿಗೂ "ನಿನ್ ಇಷ್ಟ ದೊಡ್ಡಪ್ಪ, ನೀನು ಯೇಳ್ದಂಗೆ" ಎನ್ನುವವನು. ಗದೆ ಹೋಗುವುದಕ್ಕಿಂತ ಅದನ್ನು ಇಷ್ಟು ವಿನಯದಿಂದ ತೆಗೆದುಕೊಳ್ಳುವವನಿದ್ದಾನೆ ಎಂಬುದೇ ಪುಟ್ಟರಾಜುವಿನ ನಿದ್ದೆ ಕೆಡಿಸಿತ್ತು.

ಈ ಸಂದರ್ಭದಲ್ಲಿ ಮಂಡ್ಯದಲ್ಲಿ ಓದುತ್ತಿರುವ ಅವನ ಮಗಳ ಮಗಳು ನಯನ ರಜೆಗೆ ಬಂದಳು. ಮೊಸರು ಬಿಟ್ಟು ಮಂಕಾಗಿ ಕುಳಿತಿದ್ದ ತಾತನಿಗೆ ಅವಳು ಒಂದು ಸುದ್ದಿ ಹೇಳಿದಳು. ಸ್ಯಾಮ್ಸನ್ ರತ್ನಾಕರ ಎಂಬ ಗಾಯಕರ ಕಾರ್ಯಕ್ರಮ ಮಂಡ್ಯದಲ್ಲಿದೆ. ಕೋಲಾರದ ಚಿನ್ನದ ಗಣಿಯ ಊರಿನವರು. ಯೌವನದಿಂದಲೂ ಕನ್ನಡದಲ್ಲಿ ತಾವೇ ಹಾಡು ಕಟ್ಟಿ, ಗಿಟಾರ್ ನುಡಿಸಿಕೊಂಡು, ಡ್ರಮ್ಮಿನ ಅಬ್ಬರದ ನಡುವೆ ಹಾಡುವ ರಾಕ್ ಸಂಗೀತಗಾರರು.

"ಪದ್ಯಾನೂ ಅವ್ರೇ ಬರ್ಕಂಡು, ರಾಗಾನೂ ಅವ್ರೇ ಆಕಂಡು, ಪಾರ್ಟೂ ಅವ್ರೇ ಮಾಡಾದಾ?" ಪುಟ್ಟರಾಜು ನನ್ನ ಕಡೆ ತಿರುಗಿದ. "ಹಂಗಾದ್ರೆ ಅಲ್ಲಿ ಮೇಷ್ಟ್ರಿಗೆ ಏನ್ಲಾ ಕೆಲ್ಸ?"

"ತಾತ, ಅವರು ನಿನಗಿಂತ ದೊಡ್ಡೋರು. ಎಪ್ಪತ್ತು ದಾಟಿದೆ."

"ಕುಂತ್ಕಂಡು ಹಾಡ್ತಾರಾ, ನಿಂತ್ಕಂಡಾ?"

"ನಿಂತ್ಕೊಂಡೇ."

"ಮ್ಯಾಲಿನ ಸಾಲು ಎತ್ತುತಾರಾ?"

"ಆ ಸಾಲು ಬಂದ್ರೆ ಮೈದಾನ ಪೂರ್ತಿ ಎದ್ದು ನಿಲ್ಲುತ್ತೆ ತಾತ."

ಇದು ಕೇಳಿದ ಪ್ರಶ್ನೆಗೆ ಉತ್ತರವಲ್ಲ ಎಂಬುದನ್ನು ನಾನು ಅಂದೇ ಗಮನಿಸಿದ್ದೆ. ಪುಟ್ಟರಾಜು ಗಮನಿಸಲಿಲ್ಲ. ಎಪ್ಪತ್ತು ದಾಟಿದವನೊಬ್ಬ ನಿಂತು, ದನಿ ಏರಿಸಿ ಹಾಡುವುದನ್ನು ಕಣ್ಣಾರೆ ಕಂಡು ಬಂದರೆ ಸಂಘದವರ ಬಾಯಿ ಮುಚ್ಚಿಸಬಹುದೆಂದು ಅವನ ಮುಖ ಅರಳಿತು. "ನೀನೂ ಬಾರ್ಲಾ. ನಾನೊಬ್ನೇ ನೋಡ್ಬುಟ್ಟು ಬಂದು ಯೇಳುದ್ರೆ ಈ ಊರೋರು ನಂಬಕಿಲ್ಲ" ಎಂದ. ಹೀಗೆ ನಾನು ಸಾಕ್ಷಿಯಾಗಿ ಹೊರಟೆ.

ಮದ್ದೂರಿನಲ್ಲಿ ಬಸ್ಸು ಬದಲಿಸುವಾಗ ವಡೆಯ ಪರಿಮಳ ಬಂತು. ಎಣ್ಣೆ ಪದಾರ್ಥ ಗಂಟಲಿಗೆ ಆಗದೆಂದು ಪುಟ್ಟರಾಜು ಖಡಾಖಂಡಿತವಾಗಿ ನಿರಾಕರಿಸಿದ. ನನಗೆಂದು ಒಂದು ವಡೆ ತೆಗೆದುಕೊಂಡೆ. ಅದರಲ್ಲಿ ನನ್ನ ಪಾಲಿಗೆ ಬಂದದ್ದು ಅರ್ಧ.

ಅವನ ಕೈಯಲ್ಲಿ ಒದ್ದೆ ಬಟ್ಟೆಯಲ್ಲಿ ಸುತ್ತಿದ ಹಾರವಿತ್ತು. ಅದು ಸುಗಂಧರಾಜದ ಹಾರ. ಸೇಬಿನ ಹಾರವೆಂಬ ಮಾತು ಕಟ್ಟುಕಥೆ. ಮೈದಾನದ ಗೇಟಿನಲ್ಲಿ ನೀಲಿ ಸಮವಸ್ತ್ರದ ಕಾವಲುಗಾರನೊಬ್ಬ ತಡೆದ.

"ಹೊರಗಡೆ ಸಾಮಾನು ಬಿಡಂಗಿಲ್ಲ ಯಜಮಾನ್ರೆ. ಇಲ್ಲೇ ಇಟ್ಟೋಗಿ."

"ಕಲಾವಿದ್ರ ನೋಡಕ್ಕೆ ಬರಿಗೈಲಿ ಓಗಾದಾ? ನಿಮ್ಮೂರು ಯಾವುದಪ್ಪ?"

"ರೂಲ್ಸು ಯಜಮಾನ್ರೆ. ಸಾಮಾನು ಬಿಡಂಗಿಲ್ಲ."

ಪುಟ್ಟರಾಜು ಸುತ್ತಿದ್ದ ಬಟ್ಟೆ ಬಿಚ್ಚಿ ಹಾರವನ್ನು ತನ್ನ ಕೊರಳಿಗೇ ಹಾಕಿಕೊಂಡ. "ಈಗ ಬುಡಪ್ಪ. ಇದು ಸಾಮಾನಲ್ಲ, ಮೈಮ್ಯಾಲಿನ ಬಟ್ಟೆ ಇದ್ದಂಗೆ."

ಬಿಳಿ ಪಂಚೆ, ಹೆಗಲ ಮೇಲೆ ಶಲ್ಯ, ತಿರುವಿದ ಮೀಸೆ, ಕೊರಳ ತುಂಬ ಹಾರ. ಎದೆಗೆ ಬಿಲ್ಲೆ ಸಿಕ್ಕಿಸಿಕೊಂಡ ಸ್ವಯಂಸೇವಕನೊಬ್ಬ ದೂರದಿಂದ ಇದನ್ನು ಕಂಡು ಓಡಿಬಂದು ಕೈಮುಗಿದ. "ಬನ್ನಿ ಸಾರ್, ಬನ್ನಿ, ಮುಂದೆ ಬನ್ನಿ" ಎಂದು ನಮ್ಮನ್ನು ಗಣ್ಯರಿಗಾಗಿ ಹಾಕಿದ್ದ ಸೋಫಾದ ಮೇಲೆ ಕೂರಿಸಿದ. ನಾವು ಗಣ್ಯರಲ್ಲವೆಂದು ನಾನು ಸ್ಪಷ್ಟವಾಗಿ ತಿಳಿಸಿದೆ. ಅವನು ಫೋನಿನಲ್ಲಿದ್ದ. ಪುಟ್ಟರಾಜು ಮಾತ್ರ, ಇಂಥ ಆಸನ ತನಗೆ ಹೊಸದೇನಲ್ಲವೆಂಬಂತೆ ಕಾಲ ಮೇಲೆ ಕಾಲು ಹಾಕಿಕೊಂಡ. ಹಿಂದೆ ಗೆಳತಿಯರ ನಡುವೆ ನಿಂತಿದ್ದ ನಯನ ನಮ್ಮನ್ನು ಈ ಹಿಂದೆ ಎಲ್ಲೂ ನೋಡಿಲ್ಲವೆಂಬ ಮುಖ ಮಾಡಿದಳು.

ಕರಪತ್ರದಲ್ಲಿ ಅಚ್ಚಾಗಿದ್ದ ವೇಳೆಗೆ ಕಾರ್ಯಕ್ರಮ ಆರಂಭವಾಗಲಿಲ್ಲ ಎಂಬುದನ್ನು ಇಲ್ಲಿ ದಾಖಲಿಸಬೇಕಾಗಿದೆ. ಅದೇ ಕರಪತ್ರ ಗಾಯಕರಿಗೆ ಎಪ್ಪತ್ತಾರು ವರ್ಷವೆಂದು ಹೇಳುತ್ತಿತ್ತು. ವೇದಿಕೆಗೆ ಬಂದ ಅವರೇ ಎಪ್ಪತ್ತೈದು ಎಂದರು. ನಾನು ಅವರ ಮಾತನ್ನು ಅಂಗೀಕರಿಸಿದ್ದೇನೆ. ತೆಳ್ಳಗಿನ ಆಳು, ಹಿಂದಕ್ಕೆ ಕಟ್ಟಿದ ಬೆಳ್ಳಿಗೂದಲು, ಕಪ್ಪು ಅಂಗಿ, ಮೂಗಿನ ತುದಿಗೆ ಜಾರಿದ ಕನ್ನಡಕ. ಪುಟ್ಟರಾಜು ಅವರನ್ನು ಅಡಿಯಿಂದ ಮುಡಿಯವರೆಗೆ ಅಳೆದ.

"ಕಾಲು ಅಗ್ಲಿಸಿ ನಿಂತವ್ರೆ ನೋಡ್ಲಾ. ನಿಲುವದೆ. ಆ ಗಿಟಾರು ಹಿಡ್ದಿರಾದೂ ಗದೆ ಹಿಡ್ದಂಗೇ ಅದೆ."

ಡ್ರಮ್ಮು ಆರಂಭವಾದಾಗ ಸೋಫಾ ನಡುಗಿತು. ಪುಟ್ಟರಾಜು ಎದೆಯ ಮೇಲೆ ಕೈಯಿಟ್ಟುಕೊಂಡು "ಒಳಗೆ ಯಾರೋ ಭತ್ತ ಕುಟ್ತಾವ್ರೆ ಕಣ್ಲಾ" ಎಂದ. ಮೊದಲನೆಯ ಹಾಡು ಮುಗಿದೊಡನೆ, ನಾಟಕದ ಪದ್ಧತಿಯಂತೆ, ಎದ್ದು ನಿಂತು "ಒನ್ಸ್ ಮೋರ್" ಎಂದು ಕೂಗಿದ. ನಮ್ಮಲ್ಲಿ ಹಾಗೆ ಕೂಗಿದರೆ ಸತ್ತು ಬಿದ್ದ ರಾಜನೂ ಎದ್ದು ಇನ್ನೊಮ್ಮೆ ಹಾಡಿ ಮತ್ತೆ ಸಾಯುತ್ತಾನೆ. ಗಾಯಕರು ನಕ್ಕು ಮುಂದಿನ ಹಾಡಿಗೆ ಹೋದರು. "ಕಿವಿ ಮಂದ ಇರ್ಬೇಕು ಪಾಪ" ಎಂದು ಪುಟ್ಟರಾಜು ಕ್ಷಮಿಸಿದ.

ಕತ್ತಲಾಗುವ ಹೊತ್ತಿಗೆ ಅವರು ಗಣಿಯ ಹಾಡನ್ನು ಎತ್ತಿಕೊಂಡರು. ಆಳುಗಳನ್ನು ಇಳಿಸುವ ಕಬ್ಬಿಣದ ತೊಟ್ಟಿಲಲ್ಲಿ ಮಗ ಆಳಕ್ಕೆ ಇಳಿದುಹೋಗುತ್ತಾನೆ; ತಾಯಿ ಗಣಿಯ ಬಾಯಿಯಂಚಿನಲ್ಲಿ ನಿಂತು ಕೂಗುತ್ತಾಳೆ. ಮಗನ ಸಾಲುಗಳೆಲ್ಲ ಕೆಳಸ್ಥಾಯಿ, ಮಾತಾಡಿದಷ್ಟೇ ಮೆಲ್ಲಗೆ. ತಾಯಿಯ ಸಾಲು ಒಂದೇ: "ಮೇಲೆ ಬಾ ಕಂದಾ, ಮೇಲೆ ಬಾ." ಅದೇ ಮೇಲಿನ ಸಾಲು. ಅದು ಹತ್ತಿರ ಬರುತ್ತಿದೆಯೆಂದು ಪುಟ್ಟರಾಜುವಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನು ಸೋಫಾದ ಅಂಚಿಗೆ ಸರಿದಿದ್ದ. ಮಫ್ಲರ್ ಬಿಗಿಯುತ್ತಿದ್ದ.

ಸಾಲು ಬಂತು. ಗಾಯಕರು ಒಂದು ಹೆಜ್ಜೆ ಹಿಂದಕ್ಕಿಟ್ಟರು. ಗಿಟಾರಿನಿಂದ ಕೈ ತೆಗೆದರು. ಮೈಕನ್ನು ತಮ್ಮ ಬಾಯಿಂದ ದೂರ, ಜನರ ಕಡೆಗೆ ಚಾಚಿ ಹಿಡಿದು ಕಣ್ಣು ಮುಚ್ಚಿಕೊಂಡರು.

ಇಡೀ ಮಂಡ್ಯದಲ್ಲಿ ಇದನ್ನು ಉಸಿರು ಕಟ್ಟಿದ ಲಕ್ಷಣವೆಂದು ಓದಿಕೊಂಡವನು ಒಬ್ಬನೇ. "ಓಯ್ತು ಕಣ್ಲಾ, ಉಸ್ರು ಓಯ್ತು. ಅವ್ರ ಕಡೆಯೋರು ಯಾರೂ ಇಲ್ವಾ?" ಎಂದವನೇ ಎದ್ದ. ಅವರ ಕಡೆಯವರು ಯಾರೂ ಹಾರ ಹಿಡಿದು ಏಳಲಿಲ್ಲವಾದ್ದರಿಂದ ತಾನೇ ಕೊರಳ ಹಾರ ಕಳಚಿ ಪಕ್ಕದ ಮೆಟ್ಟಿಲು ಹತ್ತಿದ. ಕಾವಲಿನವನೊಬ್ಬ ಮೊಣಕೈ ಹಿಡಿದದ್ದು ನಿಜ, ಹಾರ ಕಂಡು ಕೈಬಿಟ್ಟದ್ದೂ ನಿಜ. ಯಾರದೋ ಮೊಬೈಲಿನಲ್ಲಿ ಮೊದಲನೆಯದು ಮಾತ್ರ ದಾಖಲಾಗಿರುವುದೇ ಇಂದಿನ ಎಲ್ಲ ಸುಳ್ಳುಗಳ ಮೂಲ. ಪುಟ್ಟರಾಜು ಹಾರ ಹಾಕಿ, ಗಾಯಕರ ಬೆನ್ನು ಸವರಿ, "ಎದ್ರುಕೋಬ್ಯಾಡಿ ಸ್ವಾಮಿ. ಉಸ್ರು ತಕ್ಕಳಿ, ನಾವಿದೀವಿ" ಎಂದ. ಚಾಚಿದ್ದ ಮೈಕು ಇದನ್ನು ಮೈದಾನಕ್ಕೆಲ್ಲ ಹಂಚಿತು. ನಗೆ ಎದ್ದಿತು, ನಗೆಯ ನಡುವೆಯೂ ಹಾಡು ನಿಲ್ಲಲಿಲ್ಲ.

ಅವನನ್ನು ಇಳಿಸಿ ತರಲೆಂದು ನಾನು ಮೆಟ್ಟಿಲ ತುದಿಗೆ ಹತ್ತಿದ್ದೆ. ಆದ್ದರಿಂದ ಮುಂದಿನ ಮಾತುಗಳನ್ನು ನನ್ನ ಕಿವಿಯಾರೆ ಕೇಳಿದ್ದೇನೆ. ಗಾಯಕರು ಮೈಕನ್ನು ಅಂಗೈಯಲ್ಲಿ ಮುಚ್ಚಿದರು.

"ಉಸಿರೇನೂ ಹೋಗಿಲ್ಲ ಯಜಮಾನ್ರೇ. ಆ ಸಾಲು ನನ್ನ ಗಂಟಲು ಬಿಟ್ಟು ಎಷ್ಟೋ ವರ್ಷ ಆಯ್ತು. ಈಗ ಅದು ಅವರದು. ಸ್ವಲ್ಪ ಕೇಳಿ."

ಪುಟ್ಟರಾಜು ಆಗ ತಿರುಗಿ ನೋಡಿದ. ಮೈದಾನ ಪೂರ್ತಿ ಎದ್ದು ನಿಂತಿತ್ತು. ಕಾಲೇಜಿನ ಮಕ್ಕಳು, ಅವರ ತಂದೆತಾಯಂದಿರು, ಕಡಲೆಕಾಯಿ ಮಾರುವವನು, ಎಲ್ಲರೂ ಆ ತಾಯಿಯ ಸಾಲನ್ನು ಹಾಡುತ್ತಿದ್ದರು. ನಯನ ಕೂಡ. ಅವನು ಅದನ್ನು ಕೇಳಿಸಿಕೊಂಡ. ಆಮೇಲೆ ಒಬ್ಬ ಕಲಾವಿದ ಇನ್ನೊಬ್ಬ ಕಲಾವಿದನನ್ನು ಕೇಳುವಂತೆ ತಗ್ಗಿದ ದನಿಯಲ್ಲಿ ಕೇಳಿದ.

"ಮಿಕ್ಕಿದ್ದಕ್ಕೆ ಶ್ರುತಿ ಇಳ್ಸಿದೀರಾ?"

"ಎರಡು ಸಲ ಇಳಿಸಿದೀನಿ."

"ನಾಚ್ಕೆ ಆಗ್ನಿಲ್ವಾ?"

"ಮೊದಲನೇ ಸಲ ಆಯ್ತು" ಎಂದರು ರತ್ನಾಕರರು. ಹಾಡಿನ ಮುಂದಿನ ಸಾಲು ಬಂದಿತ್ತು. ಮೈಕನ್ನು ಬಾಯಿಗೆ ತಂದುಕೊಂಡರು. ಉಳಿದ ಹಾಡುಗಳನ್ನೆಲ್ಲ ಅವರು ಹಾರವನ್ನು ತೆಗೆಯದೆಯೇ ಹಾಡಿದರೆಂಬುದನ್ನು ಟೀ ಅಂಗಡಿಯವರು ಯಾರೂ ಹೇಳುವುದಿಲ್ಲ.

ಹಿಂದಿರುಗುವಾಗ ಬಸ್ಸು ಮದ್ದೂರು ದಾಟಿದ ಮೇಲೆ ಪುಟ್ಟರಾಜು ನನ್ನ ಕಡೆ ತಿರುಗಿದ. "ಅವ್ರು ಕಣ್ಮುಚ್ಚಿದ್ದು ಉಸ್ರು ಕಟ್ಟಿ ಅಲ್ಲ ಕಣ್ಲಾ. ಕೇಳುಸ್ಕೊತಾ ಇದ್ರು."

ಪೂರ್ಣ ಅಭ್ಯಾಸ ನಡೆದದ್ದು ಒಂದು ಭಾನುವಾರ ಮಧ್ಯಾಹ್ನ, ಊರಿನ ಸಮುದಾಯ ಭವನದಲ್ಲಿ. ಷರತ್ತಿನ ಸುದ್ದಿ ಹರಡಿದ್ದರಿಂದ ನೋಡುವವರು ಬಾಗಿಲಾಚೆಗೂ ನಿಂತಿದ್ದರು. ಹೆಂಗಸರ ನಡುವೆ ಅಂಕಮ್ಮ ಎಲೆ ಅಡಿಕೆ ಹಾಕಿಕೊಂಡು ಕುಳಿತಿದ್ದಳು. ಶಿವರಾಜು ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಗೋಡೆಗೆ ಒರಗಿದ್ದ. ಮೇಷ್ಟ್ರು ಹಾರ್ಮೋನಿಯಂ ತಿದಿ ಒತ್ತಿ ಎಂದಿನ ಶ್ರುತಿ ಹಿಡಿದರು.

"ಮೇಷ್ಟ್ರೆ, ಒಂದು ಮನೆ ಇಳ್ಸಿ" ಎಂದ ಪುಟ್ಟರಾಜು.

ಮೇಷ್ಟ್ರು ಕೆಮ್ಮಿದರು. "ಇಳ್ಸಬೋದು. ಆದ್ರೆ ನಿನಗೆ ಇಳ್ಸುದ್ರೆ ಎದುರು ಪಾರ್ಟಿಗೂ ಇಳಿಬೇಕಾಯ್ತದೆ. ನಾಗೇಸನ್ನ ಕೇಳು."

ಎದುರಾಳಿಯ ಪಾತ್ರದ ನಾಗೇಶ್ ಮೊದಲೇ ಕಾದಿದ್ದವನಂತೆ ನುಡಿದ: "ಇಳ್ಸಿ ಮೇಷ್ಟ್ರೆ. ಮ್ಯಾಲೆ ಹತ್ತಿ ಹತ್ತಿ ನಂಗೂ ಸಾಕಾಗದೆ. ಅಣ್ಣ ಏನಂದ್ಕತಾನೋ ಅಂತ ಬಾಯ್ಮುಚ್ಕಂಡಿದ್ದೆ."

ಪದ್ಯ ಆರಂಭವಾಯಿತು. ಇಳಿದ ಶ್ರುತಿಯಲ್ಲಿ ಅವನ ದನಿ ನಾನು ಬಹಳ ವರ್ಷಗಳಿಂದ ಕೇಳದಿದ್ದ ತುಂಬು ದನಿಯಾಗಿತ್ತು. ಮಾತು ಮಾತೂ ಸ್ಪಷ್ಟವಾಗಿ ಕೇಳಿಸಿತು. ಮೇಲಿನ ಸಾಲಿನ ಹತ್ತಿರ ಬಂದ. "ನೆಲವ ಬಿಟ್ಟು ಕದಲೆನು ನಾ" ಎಂದು ಏರಬೇಕಾದ ಜಾಗ. ಅಲ್ಲಿ ನಿಲ್ಲಿಸಿದ. ಒಂದು ಹೆಜ್ಜೆ ಹಿಂದಕ್ಕಿಟ್ಟು, ಗದೆಯನ್ನು ಜನರ ಕಡೆಗೆ ಚಾಚಿ, ಕಣ್ಣು ಮುಚ್ಚಿಕೊಂಡ.

ಯಾರೂ ಹಾಡಲಿಲ್ಲ. ಹಾಡಬೇಕೆಂದು ಯಾರಿಗೂ ತಿಳಿಯಲೇ ಇಲ್ಲ. ಹಾರ್ಮೋನಿಯಂ ಮಾತ್ರ ಓಡುತ್ತಿತ್ತು. ಬೆನ್ನ ಹಿಂದಿನಿಂದ ಶಿವರಾಜುವಿನ ಕೈ ಹೊರಬಂತು. ಆ ಕೈಯಲ್ಲಿ ಹಾರವಿತ್ತು. ದೊಡ್ಡಪ್ಪ ಸೋತರೆ ಗದೆ ಸಿಗಬೇಕಾಗಿದ್ದವನೇ, ದೊಡ್ಡಪ್ಪನ ಮಾನ ಹೋಗದಿರಲೆಂದು ಹಾರವನ್ನೂ ತಂದು ಬಚ್ಚಿಟ್ಟುಕೊಂಡಿದ್ದ. ಅವನು ಮುಂದೆ ನುಗ್ಗಿದ.

"ನಿಲ್ಲಲಾ" ಎಂದ ಪುಟ್ಟರಾಜು, ಕಣ್ಣು ಬಿಡದೆಯೇ. "ಉಸ್ರು ಅದೆ."

ಆಗ ಅಂಕಮ್ಮ ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ ಆ ಸಾಲನ್ನು ಎತ್ತಿದಳು. ಒಡಕು ದನಿ, ಆದರೆ ಇರಬೇಕಾದ ಜಾಗದಲ್ಲೇ ಇತ್ತು. ಕೊಟ್ಟಿಗೆಯಲ್ಲಿ ಅಷ್ಟು ವರ್ಷ ಕೇಳಿದ್ದು ವ್ಯರ್ಥವಾಗಿರಲಿಲ್ಲ. ಪಕ್ಕದ ಹೆಂಗಸರು ಸೇರಿದರು, ಆಮೇಲೆ ಬಾಗಿಲಾಚೆಯವರು. ಎಲ್ಲರಿಗೂ ಬರುತ್ತಿತ್ತು. ಹಾರ ಹಿಡಿದು ನಡುವೆ ನಿಂತುಬಿಟ್ಟಿದ್ದ ಶಿವರಾಜುವೂ ಹಾಡಿದ, ಎಲ್ಲರಿಗಿಂತ ಜೋರಾಗಿ.

ಪದ್ಯ ಮುಗಿದ ಮೇಲೆ ಪುಟ್ಟರಾಜು ಕಣ್ಣು ಬಿಟ್ಟು ಗದೆಯನ್ನು ಶಿವರಾಜುವಿಗೆ ನೀಡಿದ. "ಸರತ್ತು ಸರತ್ತೇ. ನಾನು ಎತ್ನಿಲ್ಲ. ತಕ್ಕೊ."

ಶಿವರಾಜು ಎರಡು ಹೆಜ್ಜೆ ಹಿಂದೆ ಸರಿದ. ಜೀವನದಲ್ಲಿ ಮೊದಲ ಬಾರಿಗೆ ಅವನು ದೊಡ್ಡಪ್ಪನ ಮಾತು ಮೀರಿದ. "ಬ್ಯಾಡ ದೊಡ್ಡಪ್ಪ. ನಾನೊಬ್ನೇ ಎತ್ತಿದ್ರೆ ಇನ್ಮ್ಯಾಲೆ ಯಾರ್ ಕೇಳ್ತಾರೆ? ಊರೇ ಹಾಡ್ಬುಟ್ಟದೆ. ಜನದ ಕಡೀಕೆ ಗದೆ ಚಾಚಕ್ಕೆ ನೀನೇ ಬೇಕು. ನಂಗೆ ಆ ದೈರ್ಯ ಬರಕಿಲ್ಲ."

ಮೇಷ್ಟ್ರು ಸಂಘದವರ ಮುಖಗಳನ್ನು ಒಂದೊಂದಾಗಿ ನೋಡಿದರು. ನಾನು ತಲೆಯಾಡಿಸಿದೆ, ಉಳಿದವರೂ ಆಡಿಸಿದರು. ಪಾತ್ರ ಪುಟ್ಟರಾಜುವಿಗೇ ಉಳಿಯಿತು, ಶ್ರುತಿ ಒಂದು ಮನೆ ಕೆಳಗೆ.

ಶಿವರಾಜುವಿನ ಕೈಯಲ್ಲಿ ಹಾರ ಹಾಗೇ ಉಳಿದಿತ್ತು. ಅದನ್ನು ಹಿಡಿದುಕೊಂಡು ಅವನು ಅಂಕಮ್ಮನ ಬಳಿಗೆ ಹೋದ.

"ನಂಗ್ಯಾಕ್ಲಾ?" ಎಂದಳು ಅವಳು, ಸೆರಗನ್ನು ಬಾಯಿಗೆ ಅಡ್ಡ ಹಿಡಿದು. "ಓಗಿ ಎಮ್ಮೆಗೆ ಹಾಕು. ನನಗಿಂತ ಜಾಸ್ತಿ ಕೇಳಿರಾದು ಅದೇಯ."

ಎಮ್ಮೆಗೆ ಹಾರ ಬಿದ್ದದ್ದೂ ಕಟ್ಟುಕಥೆಯೆಂದು ಕೆಲವರು ಈಗ ವಾದಿಸುತ್ತಿದ್ದಾರೆ. ಅದು ಮಾತ್ರ ನಿಜ. ಸಂಜೆ ಕೊಟ್ಟಿಗೆಗೆ ಹೋಗಿ ನಾನೇ ಪರಿಶೀಲಿಸಿದ್ದೇನೆ. ಅರ್ಧ ಹಾರ ಕೊರಳಲ್ಲಿತ್ತು, ಉಳಿದರ್ಧವನ್ನು ಎಮ್ಮೆ ಮೆಲುಕು ಹಾಕುತ್ತಿತ್ತು. ಪುಟ್ಟರಾಜು ಬಾಗಿಲಲ್ಲಿ ನಿಂತು, ಒಂದು ಮನೆ ಕೆಳಗಿನಿಂದ, ಪದ್ಯ ಆರಂಭಿಸಿದ್ದ.